ಊರಿಗೆ ಮರಳಿದರೂ ತೀರುವ ಸಾಲವೇ?

ಕಳೆದ ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಹಾಸನದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಅವನಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಎಂ.ಎಸ್. ಪ್ರವೇಶ ಪತ್ರ ಬಂದಿತ್ತು. ಕೆಳಗೆ ಎರಡೇ ಪದ: ‘ಅಣ್ಣಾ, ಹೋಗಲಾ?’

ಮೂರು ವರ್ಷದ ಹಿಂದೆ ಇಂಥದ್ದೇ ಪತ್ರ ನನಗೂ ಬಂದಿತ್ತು. ಆಗ ನಾನು ಯಾರನ್ನೂ ಹೀಗೆ ಕೇಳಲಿಲ್ಲ. ಕೇಳುವುದಕ್ಕೆ ಏನಿದೆ, ಸಿಕ್ಕಿದೆ, ಹೋಗಬೇಕು, ಅಷ್ಟೇ ಅನ್ನಿಸಿತ್ತು. ಇವತ್ತು ಓಹಿಯೋದ ಕೊಲಂಬಸ್ ನಗರದ ಬಾಡಿಗೆ ಮನೆಯಲ್ಲಿ ಕುಳಿತು ಅವನಿಗೆ ಉತ್ತರ ಬರೆಯಲು ಹೊರಟರೆ ‘ಹೋಗು’ ಅನ್ನುವುದಕ್ಕೂ ಕೈ ಬರುತ್ತಿಲ್ಲ, ‘ಬೇಡ’ ಅನ್ನುವುದಕ್ಕೂ ಬರುತ್ತಿಲ್ಲ. ಇದು ಪ್ರವೇಶ ಪತ್ರಗಳು ಬರುವ ಕಾಲ. ಅವನಂತೆ ಯೋಚಿಸುತ್ತಿರುವ ಇನ್ನೂ ಅನೇಕರು ನಮ್ಮ ರಾಜ್ಯದ ಕಾಲೇಜುಗಳಲ್ಲಿ ಇದ್ದಾರೆ. ಹಾಗಾಗಿ ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ.

ಕಿಟಕಿಯ ಮುಂದೆ ಹೇಳಿದ ಮಾತು

ನನ್ನ ಊರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನಮ್ಮ ಹೆಸರಿನಲ್ಲಿ ಆಸ್ತಿ ಎಂದಿದ್ದದ್ದು ತಾತ ಕಟ್ಟಿಸಿದ ಮನೆ ಮತ್ತು ಅದರ ಮುಂಭಾಗದ ಎರಡು ಮಳಿಗೆ. 2023ರ ಬೇಸಿಗೆಯಲ್ಲಿ ಆ ಮನೆಯ ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ಬ್ಯಾಂಕಿಗೆ ಕೊಟ್ಟೆವು. ವಕೀಲರ ಅಭಿಪ್ರಾಯ ಬಂತು, ಮೌಲ್ಯಮಾಪಕರು ಬಂದು ಅಳೆದುಕೊಂಡು ಹೋದರು. 40 ಲಕ್ಷ ರೂಪಾಯಿ ಸಾಲ ಮಂಜೂರಾಯಿತು. ನಾನು ಓದುವ ಕೋರ್ಸ್ ಯಾವುದು, ಅದನ್ನು ಮುಗಿಸಿದವರಿಗೆ ಎಷ್ಟು ಸಂಬಳ ಸಿಗುತ್ತಿದೆ ಎಂದು ಯಾರೂ ಹೆಚ್ಚು ಕೇಳಲಿಲ್ಲ. ಬ್ಯಾಂಕು ನೋಡಿದ್ದು ಮನೆಯನ್ನು, ನನ್ನನ್ನಲ್ಲ.

ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋದೆ. ಕಿಟಕಿಯ ಆಚೆ ಇದ್ದ ಅಧಿಕಾರಿ ಕೇಳಿದ್ದು ಮೂರೋ ನಾಲ್ಕೋ ಪ್ರಶ್ನೆ. ಓದು ಮುಗಿದ ಮೇಲೆ ಏನು ಮಾಡುತ್ತೀಯ ಅಂದರು. ಭಾರತಕ್ಕೆ ವಾಪಸ್ ಬಂದು ಕೆಲಸ ಮಾಡುತ್ತೇನೆ ಅಂದೆ. ಎಫ್-1 ವಿದ್ಯಾರ್ಥಿ ವೀಸಾದ ನಿಯಮವೇ ಹಾಗೆ. ಅದು ವಲಸೆಯ ವೀಸಾ ಅಲ್ಲ, ಓದಿ ಮರಳುವ ಉದ್ದೇಶವಿದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು.

ವಾಪಸ್ ಬರುವ ರೈಲಿನಲ್ಲಿ ಪಾಸ್‌ಪೋರ್ಟ್ ಬರುವ ದಿನ ಲೆಕ್ಕ ಹಾಕುತ್ತಿದ್ದ ನನಗೆ ಒಂದು ವಿಷಯ ಹೊಳೆಯಲೇ ಇಲ್ಲ. ಅಧಿಕಾರಿಯ ಮುಂದೆ ‘ವಾಪಸ್ ಬರುತ್ತೇನೆ’ ಎಂದಿದ್ದೆ. ಬ್ಯಾಂಕಿನ ಮುಂದೆ ಸಹಿ ಹಾಕಿದ ಸಾಲವೋ, ವಾಪಸ್ ಬಂದರೆ ತೀರಿಸಲಾಗದ ಸಾಲ. ಎರಡು ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಮ್ಮಂಥ ಮಧ್ಯಮ ವರ್ಗದ ಮಕ್ಕಳ ವಿದೇಶ ವ್ಯಾಸಂಗದ ಇವತ್ತಿನ ಸಮಸ್ಯೆ ಪೂರ್ತಿ ಇಲ್ಲೇ ಇದೆ ಎಂದು ನನಗೀಗ ಅನ್ನಿಸುತ್ತದೆ.

ಲೆಕ್ಕ ಹೀಗಿದೆ

ನನ್ನ ಕೋರ್ಸ್‌ಗೆ ವರ್ಷಕ್ಕೆ 18 ಸಾವಿರ ಡಾಲರ್ ಶುಲ್ಕ. ಬಾಡಿಗೆ, ಊಟ, ಆರೋಗ್ಯ ವಿಮೆ ಸೇರಿ ಇನ್ನೊಂದು 12 ಸಾವಿರ. ಎರಡು ವರ್ಷಕ್ಕೆ 60 ಸಾವಿರ ಡಾಲರ್. ನಾನು ಹೊರಟಾಗ ಡಾಲರಿಗೆ ಸುಮಾರು 83 ರೂಪಾಯಿ ಇತ್ತು, ಅಂದರೆ ಹತ್ತಿರ ಹತ್ತಿರ 50 ಲಕ್ಷ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದೇ ಶುಲ್ಕ, ಅದೇ ಖರ್ಚು ಅಂದುಕೊಂಡರೂ ಆ ದರದಲ್ಲಿ 54 ಲಕ್ಷ ಬೇಕು. ಶುಲ್ಕ ಏರದೆಯೇ ನಾಲ್ಕು ಲಕ್ಷ ಹೆಚ್ಚಾಯಿತು.

ಸಾಲದ ಮೊತ್ತ ಪ್ರತಿ ಸೆಮಿಸ್ಟರ್‌ಗೆ ಕಂತಿನಲ್ಲಿ ಬಿಡುಗಡೆಯಾಗುತ್ತಿತ್ತು. ಓದುವಾಗ ಅಸಲು ಕಟ್ಟಬೇಕಿಲ್ಲ, ಆದರೆ ಬಡ್ಡಿಗೆ ರಜೆ ಇಲ್ಲ. 2025ರ ಮೇನಲ್ಲಿ ನಾನು ಪದವಿ ಪಡೆದ ದಿನ ಶೇ 10ರ ದರದಲ್ಲಿ ಬಡ್ಡಿಯೇ ನಾಲ್ಕು ಲಕ್ಷ ದಾಟಿತ್ತು. 44 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 58 ಸಾವಿರ ರೂಪಾಯಿ.

ಇಲ್ಲಿ ಕೆಲಸ ಸಿಕ್ಕರೆ ಇದು ಹೆದರುವ ಮೊತ್ತವೇ ಅಲ್ಲ. ನನಗೆ ಸಿಕ್ಕ ಸಂಬಳ ವರ್ಷಕ್ಕೆ 72 ಸಾವಿರ ಡಾಲರ್. ತೆರಿಗೆ, ಬಾಡಿಗೆ, ಹಳೆಯ ಕಾರಿನ ಖರ್ಚು ಕಳೆದು ಕೈ ಬಿಗಿ ಹಿಡಿದರೆ ತಿಂಗಳಿಗೆ 2 ಸಾವಿರ ಡಾಲರ್ ಮನೆಗೆ ಕಳಿಸಬಹುದು. ಅಂದರೆ 1.8 ಲಕ್ಷ ರೂಪಾಯಿ. ಎರಡೂವರೆ ವರ್ಷದೊಳಗೆ ಮನೆಯ ಪತ್ರ ಅಪ್ಪನ ಕೈಗೆ ವಾಪಸ್. ಊರಲ್ಲಿ ಎಲ್ಲರೂ ಹೇಳುವುದು ಈ ಲೆಕ್ಕವನ್ನೇ, ಮತ್ತು ಅದು ಸುಳ್ಳಲ್ಲ.

ಕೆಲಸ ಸಿಗದಿದ್ದರೆ? ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಬೆಳಗಾವಿಯ ಗೆಳೆಯ ಓದಿನಲ್ಲಿ ನನಗಿಂತ ಮುಂದಿದ್ದ. ಅವನಿಗೆ ಗಡುವಿನೊಳಗೆ ಕೆಲಸ ಸಿಗಲಿಲ್ಲ. ಈಗ ಬೆಂಗಳೂರಿನಲ್ಲಿ ವರ್ಷಕ್ಕೆ ಆರು ಲಕ್ಷದ ಕೆಲಸದಲ್ಲಿದ್ದಾನೆ. ಕೈಗೆ ಬರುವುದು ಸುಮಾರು 45 ಸಾವಿರ. ಅವನದು ಆಸ್ತಿ ಅಡಮಾನವಿಲ್ಲದೆ ಹಣಕಾಸು ಸಂಸ್ಥೆಯೊಂದರಿಂದ ಹೆಚ್ಚಿನ ಬಡ್ಡಿಗೆ ತಂದ ಸಾಲ, ಕಂತು 55 ಸಾವಿರಕ್ಕೂ ಹೆಚ್ಚು. ಸಂಬಳವನ್ನು ಪೂರ್ತಿ ಕೊಟ್ಟರೂ ಸಾಲದು. ನಿವೃತ್ತಿಯಾದ ಅವನ ಅಪ್ಪನ ಪಿಂಚಣಿ ಅದಕ್ಕೆ ಸೇರುತ್ತಿದೆ. ಅವನು ಮಾಡಿದ ತಪ್ಪೇನು ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯದು. ಇಬ್ಬರೂ ಒಂದೇ ತರಗತಿಯಲ್ಲಿದ್ದೆವು, ಒಂದೇ ಅಡುಗೆ ಉಂಡೆವು.

ತೊಂಬತ್ತು ದಿನದ ಗಡಿಯಾರ

ಆ ಗಡುವಿನ ಬಗ್ಗೆ ಹೊರಡುವ ಮುನ್ನ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಅಮೆರಿಕದಲ್ಲಿ ಪದವಿ ಮುಗಿಸಿದ ವಿದ್ಯಾರ್ಥಿ ತನ್ನ ವಿಷಯದಲ್ಲಿ 12 ತಿಂಗಳು ಕೆಲಸ ಮಾಡಬಹುದು. ಇದನ್ನು ಒಪಿಟಿ ಅನ್ನುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ, ಒಟ್ಟು ಮೂರು ವರ್ಷ. ಆದರೆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿ ಇರುವಂತಿಲ್ಲ.

ನನಗೆ ಕೆಲಸ ಸಿಕ್ಕಿದ್ದು 71ನೇ ದಿನ. ಅಷ್ಟರಲ್ಲಿ ನಾನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದೆ. ದಿನಗಳು ಕಡಿಮೆಯಾದಂತೆ ಫೋನಿಗೆ ಬೇರೆ ಬಗೆಯ ಕರೆಗಳು ಬರತೊಡಗಿದವು. ‘ನಮ್ಮ ಕಂಪನಿಯಲ್ಲಿ ಕೆಲಸವಿದೆ ಎಂದು ಪತ್ರ ಕೊಡುತ್ತೇವೆ, ನಿಮ್ಮ ದಿನದ ಲೆಕ್ಕ ನಿಲ್ಲುತ್ತದೆ, ನಮಗಿಷ್ಟು ಕೊಡಿ’ ಎನ್ನುವವರು. ಇಲ್ಲದ ಅನುಭವವನ್ನು ಬಯೋಡೇಟಾದಲ್ಲಿ ಸೇರಿಸಿಕೊಡುವವರೂ ಇದ್ದಾರೆ. ಸಾಲದ ಹೆದರಿಕೆಯಲ್ಲಿ ಒಪ್ಪಿಕೊಂಡವರನ್ನು ನೋಡಿದ್ದೇನೆ. ಸುಳ್ಳು ಕೆಲಸದ ದಾಖಲೆ ಮುಂದೆ ಯಾವ ವೀಸಾ ಅರ್ಜಿಯಲ್ಲಾದರೂ ಎದ್ದು ಬರಬಹುದು. ಆಗ ಹೋಗುವುದು ಕೆಲಸ ಮಾತ್ರವಲ್ಲ, ಆ ದೇಶದ ಬಾಗಿಲೇ ಮುಚ್ಚುತ್ತದೆ.

ಮೂರು ವರ್ಷದ ನಂತರವೂ ಉಳಿಯಬೇಕಾದರೆ ಎಚ್-1ಬಿ ವೀಸಾ ಬೇಕು. ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ ಹೆಚ್ಚುವರಿಯಾಗಿ 20 ಸಾವಿರ. 2026ರ ಹಣಕಾಸು ವರ್ಷಕ್ಕೆ ಅರ್ಹ ನೋಂದಣಿಗಳು 3,43,981. ಆಯ್ಕೆಯಾದವು 1,20,141. ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು. ಅದೂ ಲಾಟರಿಯಲ್ಲಿ.

ಒಂದೇ ವರ್ಷದಲ್ಲಿ ಎಷ್ಟು ನಿಯಮ

ನಾನು ಬಂದಾಗ ಇದ್ದ ಆಟದ ನಿಯಮ ಆಟ ಮುಗಿಯುವ ಮೊದಲೇ ಬದಲಾಯಿತು. 2025ರ ದಿನಚರಿಯನ್ನೇ ನೋಡಿ.

ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಅಧಿಕೃತ ದಾಖಲೆಯನ್ನು ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿತು. ಸಣ್ಣಪುಟ್ಟ ಸಂಚಾರ ನಿಯಮ ಉಲ್ಲಂಘನೆಯ ದಾಖಲೆ ಇದ್ದವರೂ ಅದರಲ್ಲಿದ್ದರು. ನ್ಯಾಯಾಲಯಗಳಲ್ಲಿ ದಾವೆಗಳು ಬಿದ್ದ ಮೇಲೆ ತಿಂಗಳ ಕೊನೆಯಲ್ಲಿ ದಾಖಲೆಗಳನ್ನು ಮರಳಿ ಸ್ಥಾಪಿಸತೊಡಗಿದರು. ಆ ವಾರಗಳಲ್ಲಿ ನಮ್ಮಲ್ಲಿ ಕಾರು ಓಡಿಸುವುದಕ್ಕೇ ಹೆದರಿದವರಿದ್ದರು. ಮೇ 27ರಂದು ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿ ನಿಂತಿತು. ಜೂನ್ 18ರಂದು ಮತ್ತೆ ಶುರುವಾಯಿತು, ಆದರೆ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕು ಎಂಬ ಷರತ್ತಿನೊಂದಿಗೆ. ಆಗಸ್ಟ್‌ನಲ್ಲಿ, ಓದು ಮುಗಿಯುವ ತನಕ ಇರಬಹುದೆಂಬ ಹಳೆಯ ವ್ಯವಸ್ಥೆಯ ಬದಲು ಗರಿಷ್ಠ ನಾಲ್ಕು ವರ್ಷದ ಮಿತಿ ಹಾಕುವ ಪ್ರಸ್ತಾವ ಬಂತು.

ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಆದೇಶಕ್ಕೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ನಾನು ಕೆಲಸಕ್ಕೆ ಸೇರಿ ಆಗಿನ್ನೂ ಕೆಲವೇ ದಿನ. ಆ ರಾತ್ರಿ ಅಪ್ಪ ಫೋನ್ ಮಾಡಿ, ‘ಟಿ.ವಿ.ಯಲ್ಲಿ ಏನೋ ಹೇಳ್ತಿದಾರಲ್ಲ, ನಿನಗೂ ಅದು ಬರುತ್ತಾ?’ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಮೆರಿಕದೊಳಗೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಯಿಸಿಕೊಳ್ಳುವವರಿಗೆ ಈ ಶುಲ್ಕ ಅನ್ವಯಿಸದು ಎಂಬ ಸ್ಪಷ್ಟನೆ ಬಂದದ್ದು ಅಕ್ಟೋಬರ್ 20ರಂದು. ಒಂದು ತಿಂಗಳು ಮನೆಯವರು ಸರಿಯಾಗಿ ನಿದ್ದೆ ಮಾಡಲಿಲ್ಲ.

ಡಿಸೆಂಬರ್ ಕೊನೆಗೆ ಲಾಟರಿಯ ಸ್ವರೂಪವೇ ಬದಲಾಯಿತು. ಸಂಬಳದ ನಾಲ್ಕು ಹಂತಗಳಿವೆ. ಹೊಸ ನಿಯಮದ ಪ್ರಕಾರ ಅತಿ ಮೇಲಿನ ಹಂತದವರ ಹೆಸರು ಲಾಟರಿಯಲ್ಲಿ ನಾಲ್ಕು ಬಾರಿ ಸೇರುತ್ತದೆ, ಅತಿ ಕೆಳಗಿನ ಹಂತದವರದು ಒಂದೇ ಬಾರಿ. ಕಾಲೇಜಿನಿಂದ ಆಗಷ್ಟೇ ಹೊರಬಂದವರು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲೇ ಇರುತ್ತಾರೆ. ಮುಂದಿನ ತಿಂಗಳು ನನ್ನ ಹೆಸರೂ ಆ ಲಾಟರಿಗೆ ಹೋಗುತ್ತದೆ.

ಇದನ್ನೆಲ್ಲ ಅಮೆರಿಕವನ್ನು ಬೈಯಲು ಬರೆಯುತ್ತಿಲ್ಲ. ತನ್ನ ಗಡಿಯೊಳಗೆ ಯಾರು ಇರಬೇಕೆಂದು ನಿರ್ಧರಿಸುವುದು ಆಯಾ ದೇಶದ ಹಕ್ಕು. ಬದಲಾಗುತ್ತಿರುವುದು ಇದೊಂದೇ ದೇಶವೂ ಅಲ್ಲ. ಕೆನಡಾ 2024ರ ಜನವರಿಯಿಂದ ವಿದ್ಯಾರ್ಥಿಗಳು ತೋರಿಸಬೇಕಾದ ಜೀವನ ವೆಚ್ಚದ ಮೊತ್ತವನ್ನು 10 ಸಾವಿರದಿಂದ 20,635 ಕೆನಡಿಯನ್ ಡಾಲರಿಗೆ ಏರಿಸಿತು, ಅದೇ ತಿಂಗಳು ವಿದ್ಯಾರ್ಥಿಗಳ ಸಂಖ್ಯೆಗೂ ಮಿತಿ ಘೋಷಿಸಿತು. ಬ್ರಿಟನ್‌ನಲ್ಲಿ ಓದಿನ ನಂತರ ಉಳಿಯಲು ಸಿಗುತ್ತಿದ್ದ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳಿಗೆ ಇಳಿಯಲಿದೆ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈನಲ್ಲಿ 710ರಿಂದ 1,600 ಡಾಲರಿಗೆ, ಮರುವರ್ಷ 2,000ಕ್ಕೆ ಏರಿತು.

ನಾವು ಗಮನಿಸಬೇಕಾದ್ದು ಕಾಲದ ವ್ಯತ್ಯಾಸವನ್ನು. ಓದು ಎರಡು ವರ್ಷದ್ದು. ಸಾಲ ಹತ್ತು ಹದಿನೈದು ವರ್ಷದ್ದು. ನಿಯಮಗಳ ಆಯುಸ್ಸು ಕೆಲವೊಮ್ಮೆ ಕೆಲವೇ ತಿಂಗಳು. ಇಷ್ಟು ಬೇಗ ಬದಲಾಗುವ ನಿಯಮದ ಮೇಲೆ ಅಷ್ಟು ಉದ್ದದ ಸಾಲವನ್ನು ನಿಲ್ಲಿಸುತ್ತಿದ್ದೇವೆ.

ಅಪಾಯ ಯಾರ ತಲೆಗೆ?

2025ರ ನವೆಂಬರ್‌ನಲ್ಲಿ ಬಂದ ಓಪನ್ ಡೋರ್ಸ್ ವರದಿಯ ಪ್ರಕಾರ 2024-25ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಬೇರೆ ಯಾವ ದೇಶದವರೂ ಇಷ್ಟಿಲ್ಲ. ಆದರೆ ಆ ಸಂಖ್ಯೆ ಏರಿದ್ದು ಮುಖ್ಯವಾಗಿ ಓದು ಮುಗಿಸಿ ಒಪಿಟಿಯಲ್ಲಿ ಇರುವವರಿಂದ. ಸ್ನಾತಕೋತ್ತರ ತರಗತಿಗಳಲ್ಲಿ ಓದುತ್ತಿರುವ ಭಾರತೀಯರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 10ರಷ್ಟು ಇಳಿದಿದೆ. ಅಂದರೆ ನಮ್ಮವರು ಲೆಕ್ಕ ಹಾಕತೊಡಗಿದ್ದಾರೆ.

ಈ ವ್ಯವಹಾರದಲ್ಲಿ ಯಾರ ಹಣ ಯಾವಾಗ ಕೈಸೇರುತ್ತದೆ ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಪ್ರತಿ ಸೆಮಿಸ್ಟರ್‌ನ ಆರಂಭದಲ್ಲೇ ಶುಲ್ಕ ಬರುತ್ತದೆ. ಅನೇಕ ಏಜೆಂಟರಿಗೆ ವಿದ್ಯಾರ್ಥಿ ಸೇರಿದ ಕೂಡಲೇ ಕಮಿಷನ್ ಬರುತ್ತದೆ. ನನ್ನನ್ನು ಕಳಿಸಿದ ಬೆಂಗಳೂರಿನ ಸಲಹಾ ಕೇಂದ್ರದವರು ಕೆಲಸದ ಮಾತು ಬಂದಾಗೆಲ್ಲ ‘ಎಲ್ಲರಿಗೂ ಆಗುತ್ತೆ’ ಎಂದಿದ್ದರು. ನನಗೆ ಕೆಲಸ ಸಿಗದೆ ಕಂಗಾಲಾಗಿದ್ದಾಗ ಅವರ ಫೋನ್ ಎತ್ತುವವರಿರಲಿಲ್ಲ. ಬ್ಯಾಂಕಿನ ಬಳಿ ಮನೆಯ ಪತ್ರ ಇದೆ. ಎಲ್ಲರ ಪಾಲೂ ಭದ್ರ. ನಿಯಮ ಬದಲಾದರೆ ಪೆಟ್ಟು ತಿನ್ನುವವರು ವಿದ್ಯಾರ್ಥಿ ಮತ್ತು ಅವನ ಮನೆಯವರು ಮಾತ್ರ.

ಹಾಗಾದರೆ ಬರಲೇಬಾರದಿತ್ತೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕದ ಪ್ರಾಧ್ಯಾಪಕರನ್ನು ನಾನು ಮೊದಲು ನೋಡಿದ್ದು ಇಲ್ಲಿ. ಮಧ್ಯರಾತ್ರಿಯವರೆಗೆ ತೆರೆದಿರುವ ಗ್ರಂಥಾಲಯದಲ್ಲಿ ಕುಳಿತು ಸಂಖ್ಯಾಶಾಸ್ತ್ರವನ್ನು ಮೊದಲ ಬಾರಿ ಅರ್ಥ ಮಾಡಿಕೊಂಡೆ. ಕ್ಯಾಂಪಸ್ಸಿನ ಊಟದ ಮನೆಯಲ್ಲಿ ವಾರಕ್ಕೆ 20 ಗಂಟೆ ತಟ್ಟೆ ತೊಳೆದು ಬಾಡಿಗೆ ಕಟ್ಟಿದೆ. ಸೆಮಿಸ್ಟರ್ ನಡೆಯುವಾಗ ಅದಕ್ಕಿಂತ ಹೆಚ್ಚು ದುಡಿಯಲು ವೀಸಾ ಬಿಡುವುದಿಲ್ಲ. ಯಾವ ಕೆಲಸವೂ ಕೀಳಲ್ಲ ಎಂದು ಶಾಲೆಯಲ್ಲಿ ಬರೆದಿದ್ದ ಪ್ರಬಂಧ ಅಲ್ಲಿ ನಿಜವಾಯಿತು. ಓದಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಸಾಲದ ಗಾತ್ರದ ಬಗ್ಗೆ.

ಒಂದೇ ಪರೀಕ್ಷೆ

ನನ್ನ ತಮ್ಮನಿಗೆ ನಾನು ಹೇಳುವುದು ಇದನ್ನೇ. ವೀಸಾ, ಲಾಟರಿ, ಅಧ್ಯಕ್ಷರ ಆದೇಶ ಯಾವುದೂ ನಿನ್ನ ಕೈಯಲ್ಲಿಲ್ಲ. ನಿನ್ನ ಕೈಯಲ್ಲಿರುವುದು ಎಷ್ಟು ಸಾಲ ತೆಗೆಯುತ್ತೀಯ ಎಂಬುದು ಮಾತ್ರ. ಅದಕ್ಕೆ ಒಂದೇ ಪರೀಕ್ಷೆ: ಓದು ಮುಗಿದ ಮರುದಿನವೇ ಊರಿಗೆ ಮರಳಬೇಕಾಗಿ ಬಂದರೂ ಈ ಸಾಲ ತೀರುತ್ತದೆಯೇ?

ಲೆಕ್ಕ ಸುಲಭ. ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಪ್ರತಿ ಒಂದು ಲಕ್ಷ ಸಾಲದ ಕಂತು ತಿಂಗಳಿಗೆ ಸುಮಾರು 1,320 ರೂಪಾಯಿ. ಊರಲ್ಲಿ ನಿನಗೆ ಸಿಗಬಹುದಾದ ಸಂಬಳದ ಅರ್ಧಕ್ಕಿಂತ ಕಂತು ಹೆಚ್ಚಾಗಬಾರದು. ಕೈಗೆ 45 ಸಾವಿರ ಬರುತ್ತದೆ ಎಂದರೆ ಕಂತು 22 ಸಾವಿರ, ಸಾಲ ಹದಿನಾರೂವರೆ ಲಕ್ಷ. ಅದೂ ಓದುವಾಗ ಸೇರುವ ಬಡ್ಡಿಯನ್ನು ಒಳಗೊಂಡು. ಅದರ ಮೇಲಿನದು ವಿದ್ಯೆಗಾಗಿ ಮಾಡಿದ ಸಾಲ ಅಲ್ಲ, ಲಾಟರಿ ಟಿಕೆಟ್ಟಿಗೆ ಮಾಡಿದ ಸಾಲ.

ಹದಿನಾರು ಲಕ್ಷದಲ್ಲಿ ಅಮೆರಿಕ ಹೇಗೆ ಎಂದು ನೀನು ಕೇಳಬಹುದು. ಸ್ವಂತ ಖರ್ಚಿನ ಎಂ.ಎಸ್. ಬಹುಪಾಲು ಆಗದು. ಆದರೆ ದಾರಿ ಅದೊಂದೇ ಅಲ್ಲ. ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಇದ್ದರೆ ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳ ಪಿಎಚ್.ಡಿ.ಗೆ ಸಾಮಾನ್ಯವಾಗಿ ಶುಲ್ಕ ಮಾಫಿ ಆಗಿ ತಿಂಗಳ ವೇತನವೂ ಸಿಗುತ್ತದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಜೀವನ ವೆಚ್ಚಕ್ಕೆ ವರ್ಷಕ್ಕೆ 11,904 ಯೂರೊ ಖಾತೆಯಲ್ಲಿ ಇಟ್ಟು ತೋರಿಸಬೇಕು, ಅದು ತಿಂಗಳಿಗೆ 992ರಂತೆ ನಿನ್ನ ಖರ್ಚಿಗೇ ವಾಪಸ್ ಬರುತ್ತದೆ. ಓದಿನ ನಂತರ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಅಲ್ಲಿಯೂ ಕೆಲಸ ತಾನಾಗಿ ಸಿಗುವುದಿಲ್ಲ, ಜರ್ಮನ್ ಭಾಷೆ ಬಾರದಿದ್ದರೆ ಕಷ್ಟವೇ. ಆದರೆ ಬಿದ್ದರೆ ಏಳಬಹುದಾದ ಎತ್ತರ ಅದು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಗೆಳೆಯರು ರಾಜ್ಯದ ‘ಪ್ರಬುದ್ಧ’ ಯೋಜನೆಯನ್ನು ಮತ್ತು ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನಗಳನ್ನು ಮೊದಲು ವಿಚಾರಿಸಲಿ. ಗೇಟ್ ಬರೆದು ದೇಶದೊಳಗೆ ಎಂ.ಟೆಕ್. ಮಾಡಿದರೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಅದನ್ನು ಎರಡನೇ ದರ್ಜೆಯ ಆಯ್ಕೆ ಎಂದು ನಾವೇಕೆ ಅಂದುಕೊಂಡೆವೋ ತಿಳಿಯದು. ಎರಡು ವರ್ಷ ಕೆಲಸ ಮಾಡಿ, ಸ್ವಲ್ಪ ಉಳಿಸಿ, ಅನುಭವದೊಂದಿಗೆ ಹೋಗುವುದೂ ಒಂದು ದಾರಿ. ಇಲ್ಲಿ ನನ್ನ ತರಗತಿಯಲ್ಲಿ ಮೊದಲು ಕೆಲಸ ಸಿಕ್ಕಿದ್ದು ಅಂಥವರಿಗೇ.

ಕಾಲೇಜುಗಳಿಗೂ ಒಂದು ಮಾತು. ಪ್ರತಿ ವರ್ಷ ವಿದೇಶ ಶಿಕ್ಷಣ ಮೇಳಕ್ಕೆ ಸಭಾಂಗಣ ಕೊಡುತ್ತೀರಿ. ಅದೇ ಸಭಾಂಗಣದಲ್ಲಿ ಒಂದು ಮಧ್ಯಾಹ್ನ, ಹೋಗಿ ಬಂದ ಹಳೆಯ ವಿದ್ಯಾರ್ಥಿಗಳನ್ನು ಕೂರಿಸಿ. ಉಳಿದವರನ್ನೂ ಮರಳಿದವರನ್ನೂ ಒಟ್ಟಿಗೆ. ಮರಳಿದವರು ಸೋತವರಲ್ಲ. ಅವರ ಕಥೆ ಯಾರೂ ಕೇಳದೆ ಇರುವುದರಿಂದಲೇ ಹೊಸಬರು ಅರ್ಧ ಲೆಕ್ಕ ಹಿಡಿದು ಹೊರಡುತ್ತಿದ್ದಾರೆ.

ಕೊನೆಗೆ ತಮ್ಮನಿಗೆ ಒಂದು ಎಕ್ಸೆಲ್ ಹಾಳೆ ಮಾಡಿ ಕಳಿಸಿದೆ. ಅದರಲ್ಲಿ ಮೂರು ಕಾಲಂ: ಅಲ್ಲೇ ಕೆಲಸ ಸಿಕ್ಕರೆ, ಮೂರು ವರ್ಷಕ್ಕೆ ಮರಳಿದರೆ, ಓದಿದ ಕೂಡಲೇ ಮರಳಿದರೆ. ಏಜೆಂಟರು ಅವನಿಗೆ ತೋರಿಸಿದ್ದು ಮೊದಲನೆಯದನ್ನು ಮಾತ್ರ. ಮೂರನ್ನೂ ತುಂಬಿಸಿ ಚಿಕ್ಕಪ್ಪನ ಮುಂದೆ ಇಡು, ಆಮೇಲೆ ಮಾತಾಡೋಣ ಎಂದೆ.

ನಿನ್ನೆ ರಾತ್ರಿ ಉತ್ತರ ಬಂತು. ‘ಅಣ್ಣಾ, ಮೂರನೇ ಕಾಲಂ ನೋಡಿ ಅಪ್ಪ ತುಂಬ ಹೊತ್ತು ಸುಮ್ಮನಿದ್ರು. ಜರ್ಮನಿದು ಹೇಗೆ ಅಂತ ಕೇಳ್ತಿದಾರೆ.’

ಅವನು ಹೋಗುತ್ತಾನೋ ಬಿಡುತ್ತಾನೋ ಗೊತ್ತಿಲ್ಲ. ಹೋದರೆ ಅಪ್ಪನ ಮನೆಯನ್ನು ಪಣಕ್ಕಿಟ್ಟು ಹೋಗುವುದಿಲ್ಲ ಎಂಬಷ್ಟು ನೆಮ್ಮದಿ ನನಗಿದೆ. ತಿಪಟೂರಿನ ಮನೆಯ ಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಈ ತಿಂಗಳ ಹಣ ಇವತ್ತು ಬೆಳಿಗ್ಗೆ ಕಳಿಸಿದೆ.